ಔಷಧಿ ಸೋಕದ ಒಂದು ಎಲೆ

ಮೊನ್ನೆ ಭಾನುವಾರ ಹೆಂಡತಿ ಪುದೀನ ಚಟ್ನಿಗೆ ಮಿಕ್ಸಿ ಹಾಕಿ, ಮುಚ್ಚಳ ತೆಗೆದು, "ಉಪ್ಪು ಸಾಕಾ ನೋಡಿ" ಎಂದು ಜಾರನ್ನು ನನ್ನ ಮೂಗಿನ ಹತ್ತಿರ ತಂದಳು. ನಾನು ಉಪ್ಪು ನೋಡಲಿಲ್ಲ. ಅರೆದ ಎಲೆಯ ಹಸಿ ವಾಸನೆ ಮುಖಕ್ಕೆ ಹೊಡೆದದ್ದೇ ತಡ, ರಾಮನಗರದ ಆ ಲ್ಯಾಬಿನ ಹಿಂದಿನ ಕೋಣೆ, ಕಲೆಗಟ್ಟಿದ ಸಿಂಕು, ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಉಳಿಯುತ್ತಿದ್ದ ಹಸಿರು, ಎಲ್ಲ ಒಟ್ಟಿಗೆ ಬಂದು ನಿಂತವು. ಚಟ್ನಿ ಬೇಡ ಎಂದುಬಿಟ್ಟೆ. ಅವಳಿಗೆ ಸಿಟ್ಟು ಬಂತು. ಬರಬೇಕಾದ್ದೇ, ಅವಳಿಗೇನು ಗೊತ್ತು.

ಈಗ ನಾನು ಮೈಸೂರಿನಲ್ಲಿ ನೀರಿನ ಪರೀಕ್ಷೆ ಮಾಡುತ್ತೇನೆ. ನೀರು ಸುಖ. ನೀರಿನಲ್ಲಿ ಬಹುಪಾಲು ನೀರೇ ಇರುತ್ತದೆ. ಹುಡುಕುವುದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಎಲೆ ಹಾಗಲ್ಲ. ಎಲೆಯೊಳಗೆ ಬಣ್ಣ, ಮೇಣ, ಸಕ್ಕರೆ, ಅಂಟು ಎಲ್ಲ ಗಿಜಿಗುಡುತ್ತಿರುತ್ತವೆ. ನಮಗೆ ಬೇಕಾದ ಔಷಧಿ ಅದರ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಸಂತೆ ದಿನ ತುಂಬಿದ ಬಸ್ಸಿನಲ್ಲಿ ಫೋನ್ ಬಂದರೆ ಹೇಗೆ? ಆ ಕಡೆಯವರು ಮಾತಾಡುತ್ತಲೇ ಇರುತ್ತಾರೆ, ನಾವು ಹಲೋ ಹಲೋ ಎನ್ನುತ್ತಿರುತ್ತೇವೆ. ಯಂತ್ರದ ಪಾಡೂ ಅಷ್ಟೇ. ಔಷಧಿ ಮೂರು ಪಾಲು ಇದ್ದರೆ ಅದಕ್ಕೆ ಕೇಳಿಸುವುದು ಒಂದು ಪಾಲು. ಉಳಿದ ಎರಡನ್ನು ಎಲೆಯ ಗದ್ದಲ ಮುಚ್ಚಿಹಾಕುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಮಾರ್ಕ್ಸನ್ನೂ ತೆಗೆದುಕೊಂಡಿದ್ದೆ. ಅದರಿಂದ ಒಬ್ಬರ ಮನೆ ಹಾಳಾಗುತ್ತದೆ ಎಂದು ಗೊತ್ತಾದದ್ದು ರಾಮನಗರದಲ್ಲಿ, ಒಂದು ಮಾವಿನ ಹೂವಿನ ಕಾಲದಲ್ಲಿ.

ನಮ್ಮದು ಸಣ್ಣ ಖಾಸಗಿ ಲ್ಯಾಬು. ರಾಗಿ ಹಿಟ್ಟು, ಖಾರದ ಪುಡಿ, ಮಾವಿನ ತಿರುಳು ಕೊರಿಯರಿನಲ್ಲಿ ಬರುತ್ತಿದ್ದವು, ರಿಪೋರ್ಟು ಇಮೇಲಿನಲ್ಲಿ ಹೋಗುತ್ತಿತ್ತು. ಮನುಷ್ಯರ ಮುಖ ನೋಡುವ ಪ್ರಮೇಯವೇ ಇರಲಿಲ್ಲ. ನಮ್ಮ ಮೇಲಿನವರು ಮೂರ್ತಿಗಳು. ತಲೆ ನೆರೆತ, ನಿಧಾನದ, ನಿಯಮದ ಪುಸ್ತಕವನ್ನು ಕನ್ನಡಕದಷ್ಟೇ ಹತ್ತಿರ ಇಟ್ಟುಕೊಂಡಿದ್ದ ಮನುಷ್ಯ. ಅವರ ಸಹಿ ಮತ್ತು ನನ್ನ ಸಹಿ ಎರಡೂ ಬಿದ್ದರೆ ಮಾತ್ರ ರಿಪೋರ್ಟು ಹೊರಗೆ ಹೋಗುತ್ತಿತ್ತು.

ಪುಷ್ಯದ ಒಂದು ಬೆಳಿಗ್ಗೆ, ಎದುರಿನ ಬಂಡೆಯೂ ಕಾಣದಷ್ಟು ಮಂಜು ಕವಿದಿದ್ದಾಗ, ವಿರೂಪಾಕ್ಷಿಪುರದ ಕಡೆಯ ಒಂದು ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಗೌರಮ್ಮ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಹಿಂದೆ ಗಂಡ ಶಿವಲಿಂಗಣ್ಣ, ಟವೆಲಿನಲ್ಲಿ ಕಿವಿ ಮುಚ್ಚಿಕೊಂಡು. ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯನ್ನು ಆಕೆ ನನ್ನ ಮೇಜಿನ ಮೇಲಿಟ್ಟರು. ಒಳಗೆ ಹನ್ನೆರಡು ಹಿಪ್ಪುನೇರಳೆ ಎಲೆ, ಒಂದರ ಮೇಲೊಂದು, ವೀಳ್ಯದೆಲೆ ಕವಳೆಯ ಹಾಗೆ ಜೋಡಿಸಿದ್ದವು.

"ಇದ್ರಾಗೆ ಔಸ್ದಿ ಐತೆ ಸಾ. ಐತೆ ಅಂತ ಬರ್ಕೊಡಿ ಸಾಕು," ಎಂದರು.

ನೋಡದೆ ಹೇಗೆ ಬರೆಯುವುದು ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

"ನಾಕ್ನೇ ಜ್ವರ ಎದ್ದು ಮೂರ್ ದಿನ ಆಗಿತ್ತು. ಹುಳ ಮೇಯೋ ಸದ್ದು ಮಳೆ ಹುಯ್ದಂಗೆ ಕೇಳ್ತಿತ್ತು. ಬೆಳಿಗ್ಗೆ ಸೊಪ್ಪು ಕೊಟ್ಟೆ, ಮದ್ಯಾನಕ್ಕೆ ಸದ್ದೇ ಇಲ್ಲ. ತಲೆ ಎತ್ಕೊಂಡು ಹಸ್ರು ಕಕ್ಕಂಡು ಒದ್ದಾಡಿ ಸತ್ವು ಸಾ. ರೋಗ ಬಂದ್ ಹುಳ ಹಂಗೆ ಸಾಯಕ್ಕಿಲ್ಲ. ಮೂವತ್ತು ವರ್ಸ ಹುಳ ಸಾಕಿವ್ನಿ, ನಂಗೊತ್ತಿಲ್ವಾ?"

ರೇಷ್ಮೆಹುಳು ಪೊರೆ ಕಳಚಲು ಮೇವು ಬಿಟ್ಟು ಮಲಗುವುದನ್ನು ಆ ಕಡೆ ಜ್ವರ ಎನ್ನುತ್ತಾರೆ, ನಾಲ್ಕನೆಯದು ಎದ್ದ ಮೇಲೆ ಗೂಡಿಗೆ ಒಂದು ವಾರವಷ್ಟೇ ಬಾಕಿ. ಶಿವಲಿಂಗಣ್ಣ ಉಳಿದದ್ದನ್ನು ಹೇಳಿದರು. ಬೇಲಿಯ ಆಚೆ ಅವರ ಅಣ್ಣ ಬೋರೇಗೌಡರ ಮಾವಿನ ತೋಟ. ಹೂವಿಗೆ ಜಿಗಿಹುಳು ಬಿದ್ದಿದೆ ಎಂದು ಟ್ರ್ಯಾಕ್ಟರಿಗೆ ಪಂಪು ಕಟ್ಟಿ ಔಷಧಿ ಹೊಡೆಸಿದ್ದರು. ಗಾಳಿ ಈ ಕಡೆಗಿತ್ತು. ಬೋರೇಗೌಡರು ಮಾತ್ರ, ನನ್ನ ಔಷಧಿ ನನ್ನ ಮರದಲ್ಲೇ ಇದೆ, ಹುಳು ಸತ್ತದ್ದು ಇವಳ ಕೈಯಿಂದ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಕೈ ಎಂದರೆ ಏನೆಂದು ರೇಷ್ಮೆ ಸೀಮೆಯಲ್ಲಿ ಇಲ್ಲದವರಿಗೆ ತಿಳಿಯುವುದು ಕಷ್ಟ. ಹುಳು ಹಣ್ಣಾದ ದಿನ ಅವನ್ನೆಲ್ಲ ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಅಕ್ಕಪಕ್ಕದವರನ್ನು ಕರೆಯುತ್ತಾರೆ. ಆ ದಿನ ಮೊದಲ ಹುಳುವನ್ನು ಯಾರು ಎತ್ತಿ ಬಿಡಬೇಕು ಎನ್ನುವುದಕ್ಕೆ ಕೈಗುಣ ನೋಡುತ್ತಾರೆ. ಗೌರಮ್ಮನ ಕೈಗುಣ ಮೂರು ಊರಿಗೆ ಗೊತ್ತು. ಆಕೆ ಬಂದು ಮುಟ್ಟದೆ ಶುರು ಮಾಡದ ಮನೆಗಳಿದ್ದವು. ಬೋರೇಗೌಡರ ಮಾತು ಹರಡಿದ ಮೇಲೆ ಎರಡು ಮನೆಯವರು ಆಕೆಯನ್ನು ಕರೆಯದೆ ಹುಳು ಬಿಟ್ಟಿದ್ದರು.

"ಹೋದ್ ಬೆಳೆ ಹೋಯ್ತು ಅನ್ನಿ. ಕೈಯೇ ಸರಿ ಇಲ್ಲ ಅಂದ್ಬುಟ್ರೆ ನಾನೇನ್ ಮಾಡ್ಲಿ ಸಾ?" ಎಂದರು ಗೌರಮ್ಮ.

ಊರಿನ ಹಾಲಿನ ಡೈರಿಯ ಮುಂದೆ ಹಿರಿಯರು ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದರಂತೆ. ಎಲೆಯಲ್ಲಿ ಔಷಧಿ ಇದೆ ಎಂದು ಲ್ಯಾಬಿನಿಂದ ಕಾಗದ ಬಂದರೆ ಬೋರೇಗೌಡರು ಅದೇ ಜಾಗದಲ್ಲಿ ನಿಂತು ಒಪ್ಪಿಕೊಳ್ಳಬೇಕು. ಬರದಿದ್ದರೆ ಗೌರಮ್ಮ ಇನ್ನು ಆ ಮಾತು ಎತ್ತಬಾರದು. ಒಂದು ವಾರದಲ್ಲಿ ಕಾಗದ ಕೊಡುತ್ತೇನೆ ಎಂದೆ. ಆಗ ನನಗೆ ನನ್ನ ಯಂತ್ರದ ಮೇಲೆ ಬಹಳ ಹೆಮ್ಮೆಯಿತ್ತು.

ನಾಲ್ಕು ಎಲೆ ಅರೆದು, ದ್ರಾವಣದಲ್ಲಿ ಕಲಕಿ, ಸೋಸಿ ಯಂತ್ರಕ್ಕೆ ಕೊಟ್ಟೆ. ಔಷಧಿ ಬರಬೇಕಾದ ಜಾಗದಲ್ಲಿ ಒಂದು ಸಣ್ಣ ಉಬ್ಬು ಕಂಡಿತು. ಕಂಡಿತು, ಆದರೆ ಇದೆ ಎಂದು ಬರೆಯಲು ಇರಬೇಕಾದ ಗೆರೆಯಿಂದ ಎಷ್ಟೋ ಕೆಳಗೆ. ಹಸಿರಿನ ಕಾಟ ಎಂದು ಗೊತ್ತಾಯಿತು. ಹಸಿರು ಹೀರುವ ಕರಿಪುಡಿ ಹಾಕಿ ಇನ್ನೊಂದು ಸಲ ಮಾಡಿದೆ. ದ್ರಾವಣ ಬಾವಿ ನೀರಿನಂತೆ ತಿಳಿಯಾಯಿತು. ಖುಷಿಯಾಗಿ ಯಂತ್ರಕ್ಕೆ ಕೊಟ್ಟರೆ ಉಬ್ಬೂ ಮಾಯ. ಪುಡಿ ಹಸಿರಿನ ಜೊತೆ ಔಷಧಿಯನ್ನೂ ಹೀರಿಕೊಂಡಿತ್ತು. ಅಷ್ಟರಲ್ಲಿ ಎಂಟು ಎಲೆ ಮುಗಿದಿದ್ದವು. ಉಳಿದ ನಾಲ್ಕನ್ನು ಫ್ರೀಜರಿನ ತಳದಲ್ಲಿಟ್ಟು ಗೌರಮ್ಮನಿಗೆ ಫೋನ್ ಮಾಡಿದೆ. ಗಾಳಿಗೆ ಬಂದ ಔಷಧಿ ಎಲೆಯ ಮೈಮೇಲೆ ಇನ್ನೂ ಹೆಚ್ಚಿರಬೇಕಲ್ಲ ಎಂಬ ಅನುಮಾನ ನನಗೆ.

"ಎಲೆ ಕಿತ್ತ ಮೇಲೆ ಏನಾದ್ರೂ ಮಾಡಿದ್ರಾ ಗೌರಮ್ಮ?"

"ಏನೂ ಮಾಡ್ಲಿಲ್ಲ ಸಾ. ದೂಳಿತ್ತು, ಒದ್ದೆ ಬಟ್ಟೇಲಿ ಎಲ್ಡೂ ಕಡೆ ಚೆನ್ನಾಗಿ ಒರ್ಸಿ ತಂದೆ. ಹುಳಕ್ಕೇ ನಾನು ದೂಳ್ ಸೊಪ್ಪು ಕೊಟ್ಟೋಳಲ್ಲ, ನಿಮಗೆ ಕೊಟ್ಟೇನಾ?"

ಮೂವತ್ತು ವರ್ಷದ ಅಭ್ಯಾಸ. ಮರಿಹುಳುವಿಗೆ ಎಲೆ ಒರೆಸಿ ಕೊಡುವ ಅದೇ ಕೈ, ಸಾಕ್ಷಿಯನ್ನೂ ಒರೆಸಿಬಿಟ್ಟಿತ್ತು. ಬೇರೆ ಎಲೆ ಕಿತ್ತು ತನ್ನಿ ಎಂದರೆ, ಆ ಸೊಪ್ಪು ಇನ್ನು ಯಾವ ಹುಳುವಿನ ಬಾಯಿಗೂ ಹೋಗಬಾರದೆಂದು ಶಿವಲಿಂಗಣ್ಣ ಗಿಡವನ್ನೆಲ್ಲ ಬುಡಕ್ಕೆ ಸವರಿ, ಕಡ್ಡಿಯನ್ನು ಸುಟ್ಟು ಹಾಕಿದ್ದರು. ತಪ್ಪು ಯಾರದೆಂದು ಹೇಳುವುದು? ಇಬ್ಬರೂ ಮಾಡಿದ್ದು ಒಳ್ಳೆಯ ಕೆಲಸವೇ. ನನಗೆ ಅಳು ಬರುವಂತಾಗಿ ಫೋನ್ ಇಟ್ಟೆ.

ಆದರೂ ಒಂದು ದಾರಿಯಿತ್ತು. ಔಷಧಿ ಸೋಕದ ಹಿಪ್ಪುನೇರಳೆ ಎಲೆ ಸಿಕ್ಕರೆ, ಅದರ ರಸಕ್ಕೆ ಗೊತ್ತಿರುವಷ್ಟು ಔಷಧಿ ಬೆರೆಸಿ ಯಂತ್ರಕ್ಕೆ ಕೊಡಬಹುದು. ಹಸಿರು ಎಷ್ಟನ್ನು ಮುಚ್ಚಿಹಾಕುತ್ತದೆ ಎಂದು ಆಗ ತಿಳಿಯುತ್ತದೆ. ಆ ಲೆಕ್ಕದಲ್ಲಿ ಗೌರಮ್ಮನ ಎಲೆಯ ಸಣ್ಣ ಉಬ್ಬನ್ನು ಓದಿದರೆ ನಿಜವಾದ ಅಳತೆ ಸಿಗುತ್ತದೆ. ಮೂರ್ತಿಗಳೂ ಒಪ್ಪಿದರು. "ಒಂದು ಕ್ಲೀನ್ ಎಲೆ ತಾನೇ? ರೇಷ್ಮೆ ಜಿಲ್ಲೆಯಲ್ಲಿ ಕೂತು ಹಿಪ್ಪುನೇರಳೆಗೆ ಬರವೇನ್ರಿ?" ಎಂದರು.

ಆ ಮಾತಿನ ಮೇಲೆ ನಾನು ಬೈಕ್ ಹತ್ತಿದೆ. ಮಾಘದ ಚಳಿ ಬಿಡುತ್ತಿತ್ತು, ಬಿಸಿಲು ದಿನಕ್ಕಿಷ್ಟು ಏರುತ್ತಿತ್ತು, ರಸ್ತೆಯ ಎರಡೂ ಕಡೆ ಮಾವು ಮೈತುಂಬ ಹೂ ಬಿಟ್ಟು ಆ ಸಿಹಿ ವಾಸನೆಗೆ ತಲೆ ನೋಯುತ್ತಿತ್ತು. ಮೊದಲು ರಾಮನಗರದ ಸುತ್ತಲ ನಾಲ್ಕು ತೋಟ. ನಾಲ್ಕರಲ್ಲೂ ಔಷಧಿ. ಮಾವಿನ ಸೀಮೆ, ಇದ್ದೇ ಇರುತ್ತದೆ ಎಂದು ಮಾಗಡಿ ಕಡೆ ಹೋದೆ. ಕುದೂರಿನ ಹತ್ತಿರ ಒಬ್ಬರು ಗೇಟಿನ ಮುಂದೆ ಸಾವಯವ ಎಂದು ಬೋರ್ಡು ಹಾಕಿದ್ದರು. ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಕಾಫಿ ಕೊಟ್ಟು, ಒಂದು ಚೀಲ ಎಲೆಯನ್ನೇ ತುಂಬಿ ಕಳಿಸಿದರು. ಅದರಲ್ಲಿ ಮೂರು ಬಗೆಯ ಔಷಧಿ ಸಿಕ್ಕಿತು. ಅವರು ಸುಳ್ಳು ಹೇಳಿರಲಿಲ್ಲ ಎಂದೇ ನನ್ನ ನಂಬಿಕೆ. ಗಾಳಿ ಬೋರ್ಡು ಓದುವುದಿಲ್ಲ, ಅಷ್ಟೇ.

ಕನಕಪುರದ ರಸ್ತೆಯಲ್ಲಿ ಒಬ್ಬ ಅಜ್ಜಿ ನನ್ನ ಪ್ರಶ್ನೆಗೆ ಕೆರಳಿದರು. "ಔಸ್ದಿ ಹೊಡುದ್ರೆ ನಮ್ ಹುಳ ಬದುಕ್ತದಾ? ಒಸಿ ಬುದ್ದಿ ಐತೇನಪ್ಪಾ ನಿಂಗೆ? ಆ ಪಕ್ಕದ್ ಟಮಾಟೆಯೋನು ಹೊಡೀತಾನೆ, ಈ ಪಕ್ಕದ್ ಬೀನೀಸೋನು ಹೊಡೀತಾನೆ. ನಾವ್ ಹೊಡ್ಯಕ್ಕಿಲ್ಲ!" ಅವರ ಎಲೆಯಲ್ಲೂ ಇತ್ತು. ಹುಳು ಸಾಯುವಷ್ಟಲ್ಲ, ನನ್ನ ಕೆಲಸ ಕೆಡಿಸುವಷ್ಟು.

ಪ್ರತಿ ಭಾನುವಾರ ಹೀಗೆ. ಸೋಮವಾರ ಎಲೆ ಅರೆಯುವುದು, ಮಂಗಳವಾರ ಪರದೆಯ ಮುಂದೆ ಕೂತು ಉಬ್ಬು ಏಳದಿರಲಿ ಎಂದು ಬೇಡಿಕೊಳ್ಳುವುದು. ಅದು ಏಳುತ್ತಿತ್ತು. ಗೌರಮ್ಮನ ಎಲೆಯಲ್ಲಿ ಕಾಣದೆ ಆಟವಾಡಿಸಿದ ಅದೇ ಔಷಧಿ, ಬೇಡವೆಂದಾಗ ಮೂರು ತಾಲ್ಲೂಕಿನ ಎಲೆಯಿಂದಲೂ ಎದ್ದು ನಿಲ್ಲುತ್ತಿತ್ತು. ಒಂದು ಮಂಗಳವಾರ ನಾನು ಯಂತ್ರಕ್ಕೆ ಕೈಯಿಂದ ಹೊಡೆದೆ. ಮೂರ್ತಿಗಳು ಬಾಗಿಲಲ್ಲಿ ನಿಂತು ನೋಡಿ ಹೋದರು. ನಡುವೆ ಗೌರಮ್ಮನ ಫೋನು. "ಏನಾಯ್ತು ಸಾ? ಇನ್ನೊಂದ್ ಮನೇಲಿ ಹುಳ ಹಣ್ಣಾಗ್ತಾ ಅವೆ. ಅಷ್ಟರೊಳ್ಗೆ ಕಾಗ್ದ ಬಂದ್ರೆ ಕರೀತಾರೆ." ಆಗುತ್ತದೆ ಗೌರಮ್ಮ, ಆಗುತ್ತದೆ ಎನ್ನುತ್ತಿದ್ದೆ.

ಕೊನೆಗೆ ಶಿವರಾತ್ರಿಯ ಹಿಂದಿನ ವಾರ ಯಾರೋ ಹೇಳಿದರೆಂದು ಉಯ್ಯಂಬಳ್ಳಿಯನ್ನೂ ದಾಟಿ, ಕಾಡಿನ ಅಂಚಿಗೆ ಹೋದೆ. ಅಲ್ಲಿ ಕುರಿ ಸಾಕುವ ಮಲ್ಲಯ್ಯ ಎಂಬ ಮುದುಕನ ಹಟ್ಟಿಯಲ್ಲಿ ಹಳೆಯ ಹಿಪ್ಪುನೇರಳೆ ಮರ ಒಂದಿತ್ತು. ಗಿಡವಲ್ಲ, ಮರ. ಸುತ್ತ ಕಣ್ಣಿಗೆ ಕಾಣುವಷ್ಟು ದೂರ ತೋಟವಿಲ್ಲ. ಮರಿಗಳಿಗೆ ಸೊಪ್ಪಾಗಲಿ ಎಂದು ಯಾವ ಕಾಲದಲ್ಲೋ ನೆಟ್ಟದ್ದಂತೆ.

"ಏನೂ ಇಲ್ದಿರೋ ಎಲೆ ತಗಂಡು ಏನ್ ಮಾಡ್ತೀರಿ ಸ್ವಾಮಿ?" ಎಂದು ಕೇಳಿದ ಮುದುಕ.

"ಏನೂ ಇಲ್ಲದಿದ್ದರೆ ಹೇಗಿರುತ್ತೆ ಅಂತ ನೋಡಬೇಕಿತ್ತು."

"ಅದ್ಕೆ ರಾಮನಗರದಿಂದ ಬಂದ್ರಾ?" ಎಂದು ಅವನು ನನ್ನನ್ನು ಪಾಪ ಎನ್ನುವಂತೆ ನೋಡಿ, ಕೊಂಬೆ ಬಗ್ಗಿಸಿ ಕೊಟ್ಟ.

ಆ ಎಲೆ ಶುದ್ಧವಾಗಿತ್ತು. ಪರದೆಯ ಮೇಲಿನ ಗೆರೆ ಒಂದು ಚೂರೂ ಏಳದೆ ನೆಟ್ಟಗೆ ಹೋದದ್ದನ್ನು ಕಂಡು ನಾನು ಕೂಗಿಕೊಂಡೆ. ಮೂರ್ತಿಗಳು ಬಂದು ನೋಡಿ ಬೆನ್ನು ತಟ್ಟಿದರು. ಅದರ ರಸಕ್ಕೆ ಔಷಧಿ ಬೆರೆಸಿ ಲೆಕ್ಕ ಕಟ್ಟಿಕೊಂಡು, ಫ್ರೀಜರಿನಿಂದ ಗೌರಮ್ಮನ ನಾಲ್ಕು ಎಲೆ ತೆಗೆದು ಎರಡು ಭಾಗ ಮಾಡಿದೆ. ಒಂದೇ ಎಲೆಯನ್ನು ಎರಡು ಸಲ ಅಳೆದು ಎರಡರಲ್ಲೂ ಔಷಧಿ ಆ ಕನಿಷ್ಠ ಅಳತೆಯ ಗೆರೆಯ ಮೇಲೆ ಬಂದರೆ ಮಾತ್ರ ಇದೆ ಎಂದು ಬರೆಯಬೇಕೆನ್ನುವುದು ನಿಯಮ. ಮೊದಲನೆಯದು ಗೆರೆಯ ಮೇಲೆ ಬಂತು. ಕೂದಲೆಳೆಯಷ್ಟು, ಆದರೂ ಮೇಲೆಯೇ. ಎರಡನೆಯದು ಕೂದಲೆಳೆಯಷ್ಟು ಕೆಳಗೆ ನಿಂತಿತು.

ಎಲೆ ಮುಗಿದಿತ್ತು. ಕಾಡಂಚಿನ ಮರದೆಲೆಗೂ ತೋಟದ ತಳಿಗೂ ರಸದಲ್ಲಿ ವ್ಯತ್ಯಾಸ ಇದ್ದದ್ದರಿಂದ ಹೀಗಾಯಿತೋ, ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇದ್ದು ಸೊರಗಿತೋ, ಈಗಲೂ ಗೊತ್ತಿಲ್ಲ.

"ಸಾರ್, ಅದು ಇದೆ. ನನಗೂ ಗೊತ್ತು, ನಿಮಗೂ ಗೊತ್ತು," ಎಂದೆ.

ಮೂರ್ತಿಗಳು ನಿಯಮದ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. "ಗೊತ್ತು ಕಣಪ್ಪ. ಆದರೆ ಕಾಗದದಲ್ಲಿ ಬರೆಯೋದು ನಮಗೆ ಗೊತ್ತಿರೋದನ್ನಲ್ಲ, ತೋರಿಸೋಕಾಗೋದನ್ನ. ನಾಳೆ ಬೋರೇಗೌಡ ಕೋರ್ಟಿಗೆ ಹೋದರೆ ನೀನು ಯಾವ ಅಂಕಿ ತೋರಿಸ್ತೀಯಾ?"

ಬೇರೆ ಲ್ಯಾಬಿನವನು ಇಂಥ ಅಂಕಿಯ ಮೇಲೆ ಇದೆ ಎಂದು ಬರೆದಿದ್ದರೆ ನಾನೇ ಅವನನ್ನು ಉಗಿಯುತ್ತಿದ್ದೆ. ಮೊದಲ ಪುಟದಲ್ಲಿ "ಪತ್ತೆಯಾಗಿಲ್ಲ" ಎಂದು ಅಚ್ಚಾಯಿತು. ನನ್ನ ಹಠಕ್ಕೆ ಎರಡನೆಯ ಪುಟದಲ್ಲಿ ಒಂದು ಟಿಪ್ಪಣಿ ಸೇರಿಸಲು ಮೂರ್ತಿಗಳು ಒಪ್ಪಿದರು: ಎಲೆಯನ್ನು ಮೊದಲೇ ಒರೆಸಲಾಗಿತ್ತು, ಎಲೆಯ ಅಂಶಗಳ ಅಡ್ಡಿ ಇತ್ತು, ಆದ್ದರಿಂದ ಔಷಧಿ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಕೆಳಗೆ ನಾನು ಸಹಿ ಹಾಕಿದೆ. ಯಾರೂ ಕೈ ಹಿಡಿದು ಹಾಕಿಸಲಿಲ್ಲ.

ಕಾಗದ ಅಂಚೆಯಲ್ಲಿ ಹೋಯಿತು. ನಾನೇ ಹೋಗಿ ಕೊಡಬೇಕಿತ್ತು, ಧೈರ್ಯ ಬರಲಿಲ್ಲ. ಹದಿನೈದು ದಿನ ಕಳೆದರೂ ಗೌರಮ್ಮನ ಫೋನು ಬರಲಿಲ್ಲ. ಮಾವಿನ ಹೂವು ಉದುರಿ, ಗೋಲಿ ಗಾತ್ರದ ಕಾಯಿ ನಿಂತಿದ್ದವು. ಯುಗಾದಿ ಕಳೆದ ಮೇಲಿನ ಭಾನುವಾರ, ಎರಡನೆಯ ಪುಟವನ್ನು ಕನ್ನಡದಲ್ಲಿ ಬರೆದುಕೊಂಡು ಅವರ ಊರಿಗೆ ಹೋದೆ.

ಶಿವಲಿಂಗಣ್ಣ ಜಗಲಿಯ ಮೇಲಿದ್ದರು. ಕಾಗದವನ್ನು ಡೈರಿಯ ಮುಂದೆ ಬೋರೇಗೌಡರೇ ಗಟ್ಟಿಯಾಗಿ ಓದಿದರಂತೆ, ಮೊದಲ ಪುಟ ಮಾತ್ರ. ಎರಡನೆಯದನ್ನು ತಿರುಗಿಸಿ ನೋಡಿ, ಇದು ಇಂಗ್ಲಿಷು, ಆಫೀಸಿನವರ ವಿಷಯ ಎಂದು ಮಡಿಸಿಟ್ಟರಂತೆ. ನಾನು ಬರೆದು ತಂದದ್ದನ್ನು ಓದಿ ಹೇಳಿದೆ. ಶಿವಲಿಂಗಣ್ಣ ತಲೆಯಾಡಿಸಿದರು. "ಈಗ ಯಾರ್ ಕೇಳ್ತಾರೆ ಸಾ? ಮೊದ್ಲು ಹೇಳಿದ್ದೇ ನಿಂತೋಯ್ತು," ಎಂದರು.

ಗೌರಮ್ಮ ಹುಳುಮನೆಯಲ್ಲಿದ್ದರು. ಹೊರಗಿನವರನ್ನು ಹುಳುಮನೆಯ ಹೊಸ್ತಿಲು ದಾಟಿಸುವ ಪದ್ಧತಿ ಆ ಕಡೆ ಇಲ್ಲ. ಆಕೆ ಬಾಗಿಲು ಪೂರ್ತಿ ತೆಗೆದು, "ಬನ್ನಿ ಸಾ ಒಳೀಕೆ, ಈಗೇನಂತೆ," ಎಂದರು. ಒಳಗೆ ತಟ್ಟೆಗಳನ್ನು ತೊಳೆದು ಕವುಚಿ ಹಾಕಿದ್ದರು. ನಾನು ಮತ್ತೆ ಎಲ್ಲ ಹೇಳಿದೆ. ನಿಮ್ಮ ತಪ್ಪಲ್ಲ ಗೌರಮ್ಮ, ಔಷಧಿ ಇತ್ತು, ನಾನು ಕಣ್ಣಾರೆ ನೋಡಿದ್ದೇನೆ, ತೋರಿಸಲು ಆಗಲಿಲ್ಲ, ಅಷ್ಟೇ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಸಣ್ಣದಾಗುತ್ತಿತ್ತು.

ಆಕೆ ಎಲ್ಲವನ್ನೂ ಕೇಳಿಸಿಕೊಂಡರು. "ಅಷ್ಟ್ ದೊಡ್ ಮಿಸಿನ್ನು, ಎಲ್ಡ್ ತಿಂಗ್ಳು ಹುಡುಕ್ತು. ಇದ್ದಿದ್ರೆ ಸಿಕ್ತಿರಲಿಲ್ವಾ? ನಾನೇ ಎಲ್ಲೋ ಎಡವ್ಬುಟ್ಟಿವ್ನಿ ಸಾ. ಎಲ್ಲಿ ಅಂತ ಗೊತ್ತಾಗ್ತಿಲ್ಲ," ಎಂದರು. ರೋಗದ ಹುಳು ಹಾಗೆ ಸಾಯುವುದಿಲ್ಲ ಎಂದು ನನ್ನ ಮೇಜಿನ ಮುಂದೆ ನಿಂತು ಹೇಳಿದ್ದ ಹೆಂಗಸು. ಬೋರೇಗೌಡರ ಮಾತನ್ನು ಆಕೆ ನಂಬಿರಲಿಲ್ಲ, ನನ್ನ ಕಾಗದವನ್ನು ನಂಬಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬೈಕಿನವರೆಗೆ ಆಕೆ ನನ್ನ ಜೊತೆ ಬಂದರು. ದಾರಿಯ ಪಕ್ಕದ ತೋಟದಲ್ಲಿ ಒಬ್ಬ ಹೆಂಗಸು ಸೊಪ್ಪು ಕೊಯ್ದು ಹೊರೆ ಕಟ್ಟಿ, ತಲೆಗೆ ಏರಿಸಿಕೊಳ್ಳಲಾಗದೆ ನಿಂತಿದ್ದಳು. "ಗೌರಕ್ಕೋ, ಒಸಿ ಎತ್ತುಬುಡು ಬಾರವ್ವಾ" ಎಂದು ಅಭ್ಯಾಸ ಬಲದಲ್ಲಿ ಕರೆದವಳು, ಕರೆದ ಮೇಲೆ ಸುಮ್ಮನಾದಳು. ಗೌರಮ್ಮನೂ ಅಭ್ಯಾಸ ಬಲದಲ್ಲಿ ಎರಡು ಹೆಜ್ಜೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿದವರು ಅಲ್ಲೇ ನಿಂತರು.

"ನಿಮ್ ಹುಳ ಎಷ್ಟ್ನೇ ಜ್ವರ ಕಣವ್ವಾ?"

"ನಾಕ್ನೇದು ಎದ್ದವೆ ಅಕ್ಕ."

ಗೌರಮ್ಮ ಹಿಂದೆ ಸರಿದು ನನ್ನ ಕಡೆ ತಿರುಗಿದರು. "ಸಾ, ನೀವೇ ಒಸಿ ಎತ್ಕೊಡಿ. ಸೊಪ್ಪಿನ ಹೊರೆ, ನಾನು ಮುಟ್ಟಬಾರ್ದು."

ಹಾಗನ್ನಬೇಡ, ನೀನೇ ಎತ್ತು ಎಂದು ಆ ಹೆಂಗಸು ಅನ್ನಲಿಲ್ಲ. ನಾನು ಹೋಗಿ ಎರಡೂ ಕೈ ಹಾಕಿ ಹೊರೆಯನ್ನು ಎತ್ತಿ ಅವಳ ತಲೆಯ ಮೇಲಿಟ್ಟೆ.